ನಾಲ್ಕು ಬೆರಳ ಸೀಟು

ಬಸ್ಸಿನ ಕಿಟಕಿಯಿಂದ ಟವೆಲ್ಲು ಹಾಕಿದವನಿಗೇ ಸೀಟು ಎನ್ನುವುದು ಕುರುಗೋಡಿನಲ್ಲಿ ಅಜ್ಜನ ಕಾಲದ ಕಾನೂನು. ಅವತ್ತು ವಿರೂಪಾಕ್ಷಿಯ ಹೆಗಲ ಮೇಲೆ ಟವೆಲ್ಲು ಇರಲಿಲ್ಲ. ಬಳ್ಳಾರಿಯ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಮೇಷ್ಟ್ರ ಕೆಲಸ ಖಾಲಿ ಇತ್ತು. ಹನ್ನೊಂದಕ್ಕೆ ಪಾಠ ಮಾಡಿ ತೋರಿಸಬೇಕೆಂದು ಇಸ್ತ್ರಿ ಅಂಗಿ ತೊಟ್ಟು ಬಂದಿದ್ದ. ಇದು ಒಂಬತ್ತನೆಯ ಕಾಲೇಜು. ಇದೂ ತಪ್ಪಿದರೆ ಸೋದರಮಾವನ ಮೆಣಸಿನಕಾಯಿ ಗೋದಾಮಿನಲ್ಲಿ ಸೀನುತ್ತಾ ಬಾಳಬೇಕು. ಸಿರುಗುಪ್ಪದಿಂದಲೇ ತುಂಬಿಕೊಂಡು ಬಂದ ಬಸ್ಸು ನಿಂತದ್ದೇ ತಡ, ಕೈಯಲ್ಲಿದ್ದ ಪಾಠದ ಫೈಲನ್ನೇ ಕಿಟಕಿಯೊಳಗೆ ಒಗೆದುಬಿಟ್ಟ.

ನುಗ್ಗಿ ನೋಡಿದರೆ ಫೈಲಿನ ಮೇಲೆ ದೊಡ್ಡಬಸಮ್ಮ ಎಂಬ ದಪ್ಪನೆಯ ಹೆಂಗಸು ಭತ್ತದ ಚೀಲ ಇಳಿಸಿದ ಹಾಗೆ ಕೂತಾಗಿತ್ತು. ಕಿಟಕಿಯ ಪಕ್ಕ ಅವಳ ಮಗಳು ಸುಧಾರಾಣಿ.

"ಯಮ್ಮಾ, ಒಂಚೂರು ಏಳ್ರಿ. ಕೆಳಗ ನನ್ನ ಫೈಲು ಐತಿ."

"ಎದ್ದರ ಸೀಟು ಉಳೀತೈತೇನಪ್ಪಾ? ನಿನ್ನ ಕಾಗದ ಎಲ್ಲಿಗೂ ಹಾರಿ ಹೋಗಂಗಿಲ್ಲ. ಬಳ್ಳಾರಿಯಾಗ ಕೊಡ್ತೀನಿ, ಕುಂದ್ರು."

ಕೂರಲು ಉಳಿದದ್ದು ನಾಲ್ಕು ಬೆರಳು ಜಾಗ. ಅಲ್ಲೇ ಒರಗಿ, ಕಣ್ಣು ಮುಚ್ಚಿ ಪಾಠವನ್ನು ತನಗೆ ತಾನೇ ಒಪ್ಪಿಸತೊಡಗಿದ. "ಆಮ್ಲದ ಕೆ-ಎ, ಇಂಟು ಅದರ ಜೋಡಿ ಪ್ರತ್ಯಾಮ್ಲದ ಕೆ-ಬಿ, ಈಕ್ವಲ್ ಟು ನೀರಿನ ಕೆ-ಡಬ್ಲ್ಯೂ..."

"ಏನಪ್ಪಾ, ನನ್ನ ಎಬ್ಸಾಕ ಮಂತ್ರ ಹಾಕಾಕತ್ತೀಯೇನು?"

ಬಸ್ಸೆಲ್ಲ ನಕ್ಕಿತು. ಪಕ್ಕದಲ್ಲಿ ಕಂಬಿ ಹಿಡಿದು ನಿಂತಿದ್ದ ಕನ್ನಡಕದವನು ಬಗ್ಗಿ, "ನಮಗೂ ತಿಳಿಯಂಗ ಹೇಳ್ರಲಾ" ಎಂದ.

ಅಷ್ಟರಲ್ಲಿ ಬಸ್ಸು ತಗ್ಗಿಗೆ ಬಿದ್ದು ಕುಪ್ಪಳಿಸಿತು. ದೊಡ್ಡಬಸಮ್ಮ ಇತ್ತ ಸರಿದಳು. ನಾಲ್ಕು ಬೆರಳು ಎರಡಾಯಿತು. ವಿರೂಪಾಕ್ಷಿಗೆ ತಲೆಯೊಳಗೆ ದೀಪ ಹತ್ತಿದಂತಾಯಿತು.

"ನೋಡ್ರಿ! ಆಮ್ಲ ತನ್ನ ಹೈಡ್ರೋಜನ್ ಬಿಟ್ಟುಕೊಟ್ಟರ ಉಳಿಯೋದು ಅದರ ಜೋಡಿ ಪ್ರತ್ಯಾಮ್ಲ. ಇಬ್ಬರಿಗೂ ಸೀಟು ಒಂದ. ಕೆ-ಎ, ಕೆ-ಬಿ ಅಂದ್ರ ಅವರವರ ಬಲದ ಲೆಕ್ಕ. ಆಮ್ಲ ಈ ಯಮ್ಮನಂಗ ಬಲ ಆದಷ್ಟೂ ಜೋಡಿ ನನ್ನಂಗ ಮೂಲಿಗೆ. ಆಮ್ಲ ಸೊರಗಿದಷ್ಟೂ ಜೋಡಿ ಹಿಗ್ಗತೈತಿ. ಸೀಟಿನ್ಯಾಗ ಕೂಡಸ್ತೀವಿ, ಅಲ್ಲಿ ಗುಣಸ್ತೀವಿ, ಅಷ್ಟ ಫರಕು. ಬರೋ ಲೆಕ್ಕ ನೀರಿನ ಕೆ-ಡಬ್ಲ್ಯೂ, ಅದು ಅಲ್ಲಾಡಂಗಿಲ್ಲ!"

"ಬಿಸಲಿಗೂ?" ಸುಧಾರಾಣಿ ಮೊದಲ ಸಲ ಬಾಯಿ ತೆರೆದಳು.

"ಭಲೇ! ನೀರು ಕಾದರ ಅದೂ ಚೂರು ಹಿಗ್ಗತೈತಿ."

ಕಂಡಕ್ಟರು ಮೆಚ್ಚಿ ಶಿಳ್ಳೆ ಹೊಡೆದ. ಬಳ್ಳಾರಿಯಲ್ಲಿ ಫೈಲು ಕೈಗೆ ಬಂದಾಗ ತಟ್ಟಿದ ರೊಟ್ಟಿಯಂತಾಗಿತ್ತು. ವಿರೂಪಾಕ್ಷಿ ಬಿಚ್ಚಿಯೂ ನೋಡಲಿಲ್ಲ. ಸೀಟಿನ ಪಾಠ ಸಿಕ್ಕವನಿಗೆ ಫೈಲು ಯಾಕೆ?

ಕಾಲೇಜಿನ ಪಡಸಾಲೆಗೆ ಬಂದರೆ ತಾಯಿಯೊಂದಿಗೆ ಅದೇ ಸುಧಾರಾಣಿ, ಮೂಲೆಯಲ್ಲಿ ಅದೇ ಕನ್ನಡಕದವನು! ವಿರೂಪಾಕ್ಷಿಯೂ ಸೇರಿ ಮೂವರೂ ಒಂದೇ ಕೆಲಸಕ್ಕೆ ಬಂದವರು. ಮೊದಲು ಒಳಗೆ ಹೋದ ಸುಧಾರಾಣಿ ಕಣ್ಣರಳಿಸಿಕೊಂಡು ಹೊರಗೆ ಬಂದಳು.

"ಸರ್, ಅಂಜಿಕಿಗೆ ಎಲ್ಲಾ ಮರೆತು ನಿಮ್ಮ ಸೀಟಿನ ಪಾಠಾನ ಹೇಳಿದೆ. ಆದ್ರ ಸುಳ್ಳು ಹೇಳಿಲ್ಲ ನೋಡ್ರಿ, ಬಸ್ಸಿನ್ಯಾಗ ಒಬ್ಬ ಸರ್ ಹೇಳಿದ್ದು ಅಂದೆ. ಪ್ರಿನ್ಸಿಪಾಲರು ಕುರ್ಚಿಯಿಂದ ಎದ್ದುಬಿಟ್ರು! ಆ ಸರ್ ಸಿಕ್ಕರ ಈಗಿಂದೀಗ ಆರ್ಡರ್ ಕೊಡ್ತೀನಿ ಅಂದ್ರು!"

ವಿರೂಪಾಕ್ಷಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ತಾಯಿ ಮಗಳಿಗೆ ಚಹಾ ಕುಡಿಸಿ ಬಸ್‌ಸ್ಟ್ಯಾಂಡಿಗೆ ಕಳಿಸಿಕೊಟ್ಟ. ಅಷ್ಟಕ್ಕೇ ಅವನ ಹಿಗ್ಗು ಮುಗಿಯಲಿಲ್ಲ. ಮೂಲೆಯಲ್ಲಿ ಮುಖ ಬಾಡಿಸಿಕೊಂಡು ಕೂತಿದ್ದ ಕನ್ನಡಕದವನನ್ನು ನೋಡಿ ಮರುಗಿ ಹತ್ತಿರ ಹೋದ.

"ನನ್ನ ಪಾಳಿ ನಿಮಗ ಬಿಟ್ಟೀನಿ, ಮೊದಲು ಹೋಗಿ ಬರ್ರಿ. ನಂದೇನು, ಆದಂಗ ಐತಿ."

"ನಿಮ್ಮ ಉಪಕಾರ ಮರೆಯಂಗಿಲ್ರಿ" ಎಂದು ಕೈಮುಗಿದು ಅವನು ಒಳಗೆ ಹೋದ. ಅರ್ಧ ಗಂಟೆಯಾದರೂ ಬರಲಿಲ್ಲ. ಕೊನೆಗೆ ವಿರೂಪಾಕ್ಷಿಯನ್ನು ಕರೆದರು.

"ಸರ್, ಬಸ್ಸಿನ್ಯಾಗ ಸೀಟಿನ ಪಾಠ ಮಾಡಿದವ ನಾನ!"

ಪ್ರಿನ್ಸಿಪಾಲರು ಹೊಟ್ಟೆ ಹಿಡಿದು ನಕ್ಕರು. "ತಡ ಆತಲ್ಲಪ್ಪಾ! ಆ ಸರ್ ಆಗಲೇ ಸಿಕ್ಕರು." ಪಕ್ಕದ ಕುರ್ಚಿಯಲ್ಲಿ ಅಮರೇಶ್ ಎಂಬ ಹೆಸರಿನ ಆರ್ಡರು ಹಿಡಿದು ಕನ್ನಡಕದವನು ಪೇಡಾ ತಿನ್ನುತ್ತಿದ್ದ. "ಇಂಥಾ ಸುಳ್ಳು ಹೇಳೋ ಮಂದೀನೂ ಬರ್ತಾರಂತ ಅವರು ಮೊದಲ ಹೇಳಿದ್ರು."

ಸಾಕ್ಷಿಗೆಂದು ವಿರೂಪಾಕ್ಷಿ ಬಸ್‌ಸ್ಟ್ಯಾಂಡಿಗೆ ಓಡಿದ. ಕುರುಗೋಡಿನ ಬಸ್ಸು ಹೊರಟೇಬಿಟ್ಟಿತ್ತು. ಹಾರಿ ಹತ್ತಿದವನೇ ತಾಯಿ ಮಗಳ ಮುಂದೆ ಏದುಸಿರು ಬಿಡುತ್ತಾ ನಡೆದದ್ದನ್ನೆಲ್ಲ ಹೇಳಿದ.

"ಇಳೀರಿ, ಈಗ ಹೋಗಿ ಹೇಳೂಣು!" ಸುಧಾರಾಣಿ ಎದ್ದು ನಿಂತಳು.

"ಕುಂದ್ರಲೇ, ಎದ್ದರ ಸೀಟು ಹೋಗತೈತಿ" ಎಂದು ದೊಡ್ಡಬಸಮ್ಮ ಅವಳ ಕೈ ಹಿಡಿದೆಳೆದಳು. ಆಮೇಲೆ ವಿರೂಪಾಕ್ಷಿಯ ಕಡೆ ತಿರುಗಿ, "ಬಾರಪ್ಪಾ, ನಿನಗೂ ಜಾಗ ಮಾಡೀನಿ" ಎಂದು ಕರೆದಳು.

ನೋಡಿದ. ನಾಲ್ಕೇ ಬೆರಳು. ಮಧ್ಯಾಹ್ನದ ಬಿಸಿಲಿಗೆ ಸೀಟು ಕಾದು ಹೆಂಚಾಗಿತ್ತು, ಹಿಗ್ಗಿರಲಿಲ್ಲ.