ಗೋಡೆಯೊಳಗಿನ ಗುಂಡು

ನರೇಂದ್ರನ ಮನೆಗೆ ಆ ಶನಿವಾರ ಮುಂಬಾಗಿಲು ಇರಲಿಲ್ಲ.

ಕೆಳಗೆ ನೆಲ ಉಜ್ಜುತ್ತದೆಂದು ಬಡಗಿ ಅದನ್ನು ಕಳಚಿಕೊಂಡು ಹೋಗಿದ್ದ. ಆ ಜಾಗದಲ್ಲಿ ಹಳೇ ಚಾಪೆಯೊಂದು ನೇತಾಡುತ್ತಿತ್ತು. ಒಳಗೆ ಬಚ್ಚಲುಮನೆ ಹೊಸದಾಗುತ್ತಿತ್ತು. ಎಲ್ಲಿ ನೋಡಿದರೂ ಮರಳು, ಮೊಳೆ, ಸಿಮೆಂಟು. ಇವುಗಳ ನಡುವೆ ಎರಡು ವರ್ಷ ತುಂಬದ ಮಗ. ಹೆಸರು ಚಿರಂಜೀವಿ, ಮನೆಯಲ್ಲಿ ಕರೆಯುವುದು ಗುಂಡು ಅಂತ. ಸಿಕ್ಕಿದ್ದನ್ನು ಬಾಯಿಗೆ ಹಾಕುವ, ಸಂದು ಕಂಡರೆ ತಲೆ ತೂರಿಸುವ ವಯಸ್ಸು. ಕೆಲಸ ಶುರುವಾದಾಗಿನಿಂದ ನರೇಂದ್ರನ ಎದೆ ಇಳಿಜಾರಿನಲ್ಲಿ ಬ್ರೇಕು ಹೋದ ಟ್ರಾಕ್ಟರಿನಂತೆ ಬಡಿದುಕೊಳ್ಳುತ್ತಿತ್ತು.

ಹೆಂಡತಿ ಕವಿತ ಶಿಡ್ಲಘಟ್ಟದ ಶಾಲೆಯಲ್ಲಿ ಮೇಡಂ. ಬೆಳಿಗ್ಗೆ ಬಸ್ಸಿಗೆ ಹೊರಡುವಾಗ ಒಂದೇ ಮಾತು ಹೇಳಿದ್ದಳು. "ಗೋಡೆ ಬಿದ್ರೆ ಕಟ್ಟಿಸ್ಬೋದು. ಗುಂಡೂಗೆ ಏನಾದ್ರೂ ಆಯ್ತೋ, ಅವನ್ನ ಎತ್ಕೊಂಡು ಗೌರಿಬಿದನೂರಿಗೆ ಹೋಗ್ತಾ ಇರ್ತೀನಿ." ಗೌರಿಬಿದನೂರು ಅವಳ ತವರು. ಹೋದರೆ ಬೇಗ ಬರುವವಳಲ್ಲ.

ಮೇಸ್ತ್ರಿ ವೆಂಕಟರವಣಪ್ಪ ಮನೆಯಲ್ಲಿ ತೆಲುಗು, ಕೆಲಸದಲ್ಲಿ ಕನ್ನಡ ಆಡುವವನು. ಜಗತ್ತಿನ ಗಂಡುಮಕ್ಕಳೆಲ್ಲ ಅವನಿಗೆ 'ಅಬ್ಬಾಯಿ'. ಅವತ್ತು ಬಚ್ಚಲಿನ ಕೊನೆಯ ಗೋಡೆ ಎಬ್ಬಿಸುತ್ತಿದ್ದ. ಅದರ ಹಿಂದೆ ಪೈಪು ಇಳಿಯಲು ಬಿಟ್ಟ ಸಂದು. ಒಂದು ಮಗು ಸರಿಯಾಗಿ ಕೂರುವಷ್ಟು ಅಗಲ. ಈ ಅಳತೆಯನ್ನು ಮೇಸ್ತ್ರಿ ತೆಗೆದಿರಲಿಲ್ಲ, ನರೇಂದ್ರ ತೆಗೆದಿದ್ದ.

ಗೋಡೆ ಮೊಣಕಾಲೆತ್ತರ ಬಂದಾಗ ಮೇಸ್ತ್ರಿ ಕೂಗಿದ. "ಸಾರ್, ಟೈಲ್ಸಿಗೆ ಬಿಳಿ ಸಿಮೆಂಟ್ ಮುಗೀತು."

ಗುಂಡು ರೂಮಿನಲ್ಲಿ ಮಲಗಿತ್ತು. ನರೇಂದ್ರ ಸ್ಕೂಟರಿನ ಕೀ ತೆಗೆದುಕೊಂಡ. "ಗುಂಡು ಒಳಗೈತೆ ಮೇಸ್ತ್ರಿ, ಒಸಿ ನೋಡ್ಕೊಳಿ."

"ಗುಂಡು ನಾನು ನೋಡ್ಕೊಳ್ದೆ ಇರ್ತೀನಾ ಸಾರ್. ಅದೇ ನಂಗೆ ಅನ್ನ ಹಾಕೋದು."

ಎಂಥಾ ಮಾತಾಡಿದ ಎಂದುಕೊಂಡು ನರೇಂದ್ರ ಹೊರಟ.

ಅಂಗಡಿಯವನು ಗೋಡೌನಿನ ಬೀಗದ ಕೈ ಹುಡುಕುವುದರಲ್ಲಿ ಎರಡು ಗಂಟೆ ಹೊತ್ತು ಹೋಯಿತು. ಅಷ್ಟರಲ್ಲಿ ಮೇಸ್ತ್ರಿಯ ಫೋನು.

"ಸಾರ್, ಒಂದು ತಪ್ಪಾಗೋಯ್ತು. ಗುಂಡು ಗೋಡೆ ಒಳಗೇ ಉಳ್ಕೊಂಬಿಡ್ತು."

ನರೇಂದ್ರ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದ.

"ಪೈಪಿನ ಸಂದಲ್ಲಿ ಇತ್ತು. ಮರ್ತು ಮೇಲ್ಗಂಟ ಮುಚ್ಚಿಬಿಟ್ಟೆ, ಪ್ಲಾಸ್ಟರೂ ಆಯ್ತು. ಇನ್ನ ಅದಕ್ಕೋಸ್ಕರ ಗೋಡೆ ಒಡೆಯೋದೇನು ಬೇಡ, ಬಿಡಿ. ಹಳೇದಾಗಿತ್ತು. ಬರ್ತಾ ಒಂದು ಹೊಸದು ತಗೊಂಬನ್ನಿ."

ಫೋನು ಕಟ್ಟಾಯಿತು. ಸಿಮೆಂಟನ್ನು ಅಂಗಡಿಯ ಮುಂದೆಯೇ ಬಿಟ್ಟು ನರೇಂದ್ರ ಸ್ಕೂಟರ್ ಹತ್ತಿದ. ದಾರಿಯಲ್ಲಿ ಸಿಕ್ಕ ಹಂಪುಗಳೆಲ್ಲ ಅವತ್ತು ಅವನಿಗೆ ಕಾಣಲಿಲ್ಲ.

ಮನೆಯಲ್ಲಿ ಹಾಸಿಗೆ ಖಾಲಿ. ಮೇಸ್ತ್ರಿ ಇಲ್ಲ. ಅವನ ನಂಬರಿಗೆ ಮಾಡಿದರೆ ಫೋನು ಮರಳಿನ ಗುಡ್ಡೆಯ ಮೇಲೆ ಹಾಡಿತು. ಹೊಸ ಗೋಡೆ ಒದ್ದೆಯಾಗಿ, ನುಣ್ಣಗೆ, ಏನೂ ಗೊತ್ತಿಲ್ಲದವರ ಮುಖದಂತೆ ನಿಂತಿತ್ತು.

"ಗುಂಡೂ..." ಎಂದು ಅವನು ಗೋಡೆಯನ್ನು ಕರೆದ ದನಿಗೆ ಎದುರುಮನೆಯ ಅಮ್ಮಾಜಮ್ಮ ಚಾಪೆ ಸರಿಸಿಕೊಂಡು ಬಂದಳು. ಹಿಂದೆಯೇ ಪಶು ಆಸ್ಪತ್ರೆಯಿಂದ ರಿಟೈರಾದ ಮುನಿಶಾಮಪ್ಪ.

"ನೆನ್ನೆನೇ ಬಡ್ಕೊಂಡೆ, ಬಾಗಿಲಿಲ್ಲದ ಮನೇಲಿ ಮಗೂನ ಬಿಡ್ಬೇಡಪ್ಪ ಅಂತ," ಎಂದಳು ಅಮ್ಮಾಜಮ್ಮ.

"ಬಾಗಿಲಿಂದ ಹೋಗಿಲ್ಲ ಅಮ್ಮಾಜಮ್ಮ. ಗೋಡೆ ಒಳಗೆ ಹೋಗಿದಾನೆ."

ಮುನಿಶಾಮಪ್ಪ ಇಬ್ಬರನ್ನೂ ಸುಮ್ಮನಿರಿಸಿ, ಗಬ್ಬದ ಹಸುವಿನ ಹೊಟ್ಟೆಗೆ ಇಡುವಂತೆ ಗೋಡೆಗೆ ಕಿವಿ ಇಟ್ಟ. ಟಕ್. ಟಕ್. ಟಕ್. ಮೂವರಿಗೂ ಕೇಳಿಸಿತು.

"ಜೀವ ಐತೆ," ಎಂದ ಮುನಿಶಾಮಪ್ಪ. "ಮೇಲಿಂದ ಒಡಿಯಪ್ಪ. ಕೆಳಗೆ ಹೊಡದ್ರೆ ತಲೆ ಮೇಲೆ ಬೀಳ್ತದೆ."

ನರೇಂದ್ರ ಹಾರೆಯಲ್ಲಿ ಸ್ವಲ್ಪ, ಉಗುರಿನಲ್ಲಿ ಹೆಚ್ಚು ಒಡೆದ. ಒಂದೊಂದು ಕಲ್ಲನ್ನೂ ಹಾಲಿನ ಪಾತ್ರೆಯಂತೆ ಕೆಳಗಿಟ್ಟ. ಅಮ್ಮಾಜಮ್ಮ ಊರಿನ ದೇವರಿಗೆಲ್ಲ ಒಂದೊಂದು ಹರಕೆ ಹೊತ್ತಳು, ನರೇಂದ್ರನ ಹೆಸರಿನಲ್ಲಿ. ಗೋಡೆ ನೆಲ ಮುಟ್ಟಿತು. ಒಳಗೆ ಎರಡು ಪೈಪು, ಒಂದು ಖಾಲಿ ಬೀಡಿ ಕಟ್ಟು. ಮಗು ಇಲ್ಲ.

ಟಕ್. ಟಕ್.

ಸದ್ದು ಈಗ ಬೆನ್ನ ಹಿಂದಿನಿಂದ ಬಂತು. ಚಾಪೆ ಅಲ್ಲಾಡಿತು. ಮನೆಯ ಹಿಂದಿನ ಓಣಿಯನ್ನೆಲ್ಲ ಸುತ್ತಿ ಬಂದಿದ್ದ ಗುಂಡು, ಚಡ್ಡಿಯಿಲ್ಲದೆ, ದಾರಕ್ಕೆ ಕಟ್ಟಿದ ಹಿತ್ತಾಳೆಯದೊಂದನ್ನು ಕರು ಹಿಡಿದುಕೊಂಡು ಬರುವಂತೆ ಮೆಟ್ಟಿಲ ಮೇಲೆ ಎಳೆದುಕೊಂಡು ಬರುತ್ತಿದ್ದ. ಗೋಡೆ ನೆಟ್ಟಗಿದೆಯೋ ಇಲ್ಲವೋ ನೋಡಲು ಮೇಸ್ತ್ರಿಗಳು ಇಳಿಬಿಡುವ ತೂಕದ ಗುಂಡು.

ನರೇಂದ್ರ ಮಗನನ್ನು ಎತ್ತಿ ಅವಚಿಕೊಂಡ. ಅಷ್ಟರಲ್ಲಿ ಟೀ ಕುಡಿದ ಬಾಯಿ ಒರೆಸಿಕೊಳ್ಳುತ್ತ ವೆಂಕಟರವಣಪ್ಪ ಬಂದ.

"ಅಬ್ಬಾಯಿ ಹತ್ರ ಇತ್ತಾ ನನ್ನ ಗುಂಡು? ನಾನು ಗೋಡೇಲಿ ಹೋಯ್ತು ಅಂತ..." ಆಮೇಲೆ ಗೋಡೆ ಇದ್ದ ಜಾಗ ನೋಡಿದ. ಕಣ್ಣು ತುಂಬಿಬಂತು. "ನನ್ನ ಒಂದು ಗುಂಡಿಗೋಸ್ಕರ ಗೋಡೆ ಒಡೆದ್ರಾ ಸಾರ್? ಬಿಡಿ ಅಂದಿದ್ನಲ್ಲ."

ನರೇಂದ್ರ ಬಾಯಿ ತೆರೆಯುವ ಮೊದಲೇ ಹೊರಗೆ ಚಪ್ಪಲಿ ಬಿಟ್ಟ ಸದ್ದಾಯಿತು. ಶನಿವಾರ, ಅರ್ಧ ದಿನದ ಶಾಲೆ. ಅವನು ಅಮ್ಮಾಜಮ್ಮನಿಗೂ ಮುನಿಶಾಮಪ್ಪನಿಗೂ ಹೇಳಬೇಡಿ ಎಂದು ಕೈ ಮುಗಿದ.

ಕವಿತ ಗೋಡೆ ನೋಡಿದಳು. "ಇದ್ಯಾಕೆ ಒಡೆದಿದ್ದು?"

"ಗೋಡೆ..." ಗೌರಿಬಿದನೂರು ಅವನ ಕಣ್ಣ ಮುಂದೆ ಬಂದು ಹೋಯಿತು. "ಸೊಟ್ಟ ಇತ್ತು."

"ಹೌದಮ್ಮ," ಎಂದ ಮುನಿಶಾಮಪ್ಪ. "ನಾನೇ ಕಿವಿ ಇಟ್ಟು... ಕಣ್ಣಿಟ್ಟು ನೋಡ್ದೆ."

ಮೇಸ್ತ್ರಿಯ ಮುಖ ಮೊದಲು ಕೆಂಪಾಗಿ ಆಮೇಲೆ ಸಿಮೆಂಟಿನ ಬಣ್ಣಕ್ಕೆ ತಿರುಗಿತು.

"ಮಿಕ್ಕಿದ ಮೂರು ಗೋಡೆ ಯಾರು ಕಟ್ಟಿದ್ದು?" ಎಂದಳು ಕವಿತ.

ಮೂವರೂ ಮೇಸ್ತ್ರಿಯ ಕಡೆ ನೋಡಿದರು.

"ಇವರೇ ತಾನೆ. ಹಂಗಾದ್ರೆ ಅವನ್ನೂ ಒಡೀರಿ. ಮಗು ಓಡಾಡೋ ಮನೆ ಕಣ್ರೀ. ಸೊಟ್ಟ ಗೋಡೆ ನಾಳೆ ಗುಂಡು ಮೇಲೆ ಬಿದ್ರೆ?"

ನಿಜ ಹೇಳಿದರೆ ಹೆಂಡತಿ ಮಗ ಇಬ್ಬರೂ ಹೋಗುತ್ತಾರೆ. ನರೇಂದ್ರ ಹಾರೆ ಎತ್ತಿಕೊಂಡ.

"ಮೂವತ್ತು ವರ್ಷದಾಗೆ ನನ್ನ ಗೋಡೆ ಸೊಟ್ಟ ಅಂದೋರಿಲ್ಲ," ಎಂದ ವೆಂಕಟರವಣಪ್ಪ. ಅಬ್ಬಾಯಿಯ ಮುಷ್ಟಿಯಿಂದ ದಾರ ಬಿಡಿಸಿಕೊಂಡು, ಟವೆಲಿನಲ್ಲಿ ಒರೆಸಿ, ಜೇಬಿಗೆ ಹಾಕಿಕೊಂಡು, ಬಾಗಿಲಿಲ್ಲದ ಬಾಗಿಲಿನಿಂದ ಇಳಿದು ಹೋದ. ಮಗು ಬೀದಿಗೆಲ್ಲ ಕೇಳುವಂತೆ ಅತ್ತಿತು.

ಸಂಜೆಗೆ ಹೋದದ್ದು ನಾಲ್ಕು ಗೋಡೆ, ಒಬ್ಬ ಮೇಸ್ತ್ರಿ, ಒಂದು ಗುಂಡು. ಹಿತ್ತಾಳೆಯದು.