ಷೆಡ್ಡಿನವರ ನಾಲ್ಕನೆಯ ತಟ್ಟೆ

ಆ ಭಾನುವಾರದ ರಾದ್ಧಾಂತಕ್ಕೆಲ್ಲ ಕಾರಣ ಒಂದು ಲಾರಿ. ಸಣ್ಣ ಲಾರಿಯೇ. ಆದರೆ ಗೇಟಿಗೆ ಅಡ್ಡ ನಿಂತ ಮೇಲೆ ಸಣ್ಣದೇನು, ದೊಡ್ಡದೇನು? ಗೇಟಿನ ಒಳಗೆ ತಟ್ಟೆರಾಯರ ಸ್ಕೂಟರಿತ್ತು, ಊರಿನ ಆಚೆ ತುದಿಯಲ್ಲಿ ಅವರ ಜನ್ಮದ ಆಸೆ ಕಾದು ಕೂತಿತ್ತು, ನಡುವೆ ಈ ಲಾರಿ ಬಾಯಿ ತೆರೆದುಕೊಂಡು ನಿಂತಿತ್ತು.

ತಟ್ಟೆರಾಯ ಎಂಬುದು ಬಿಲ್ಡಿಂಗಿನ ಜನ ಬೆನ್ನ ಹಿಂದೆ ಇಟ್ಟ ಹೆಸರು. ಅವರು ತೂಕ-ಅಳತೆ ಕಚೇರಿಯಲ್ಲಿ ಪರೀಕ್ಷಕರು. ಅಂಗಡಿಯವನ ತಕ್ಕಡಿಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಹಿಡಿದುಬಿಡುತ್ತಿದ್ದರು. ಅದಕ್ಕೇ ಇರಬೇಕು, ಇಪ್ಪತ್ತು ವರ್ಷದಿಂದ ಅದೇ ಕುರ್ಚಿಯಲ್ಲಿ ಕೊಳೆಯುತ್ತಿದ್ದರು. ಮನೆಗೆ ಬಂದರೆ ಅವರಿಗೆ ಗ್ರಾಮಫೋನ್ ತಟ್ಟೆ ಬಿಟ್ಟು ಬೇರೆ ಲೋಕವಿರಲಿಲ್ಲ. ಅದೂ ಒಂದೇ ಒಂದು ತಂಡದ ತಟ್ಟೆಗಳು.

ಐವತ್ತು ವರ್ಷದ ಹಿಂದೆ, ಗ್ಯಾರೇಜ್ ರಾಕ್ ಎಂಬ ಹೆಸರೇ ಹುಟ್ಟಿರದ ಕಾಲದಲ್ಲಿ, ನಾಲ್ಕು ಜನ ಹುಡುಗರು ಕಾರು ನಿಲ್ಲಿಸುವ ಷೆಡ್ಡಿನಲ್ಲಿ ಮೂರು ಗಿಟಾರು, ಒಂದು ಡ್ರಮ್ಮು ಇಟ್ಟುಕೊಂಡು, ಅಕ್ಕಪಕ್ಕದವರಿಂದ ಬೈಸಿಕೊಳ್ಳುತ್ತ ಹಾಡಿದ್ದರು. ಅಂಥ ಗಲಾಟೆ ಶುರುವಾದದ್ದೇ ಅವರಿಂದ. ಜನ ಅವರನ್ನು ಷೆಡ್ಡಿನವರು ಎಂದೇ ಕರೆದರು. ಅವರ ಒಂದು ಹಾಡು ಇವತ್ತಿಗೂ ಎಲ್ಲರ ಬಾಯಲ್ಲಿದೆ. ಮದುವೆ ಮನೆಯಲ್ಲಿ ಅದಕ್ಕೆ ಕುಣಿಯುತ್ತಾರೆ, ಟೂತ್‌ಪೇಸ್ಟಿನ ಜಾಹೀರಾತಿಗೂ ಅದೇ ಹಾಡು. ತಟ್ಟೆರಾಯರಿಗೆ ಆ ಹಾಡು ಕಿವಿಗೆ ಬಿದ್ದರೆ ಮೈಯೆಲ್ಲ ಉರಿಯುತ್ತಿತ್ತು.

ಅವರು ಕೂಡಿಹಾಕುತ್ತಿದ್ದದ್ದು ಯಾರಿಗೂ ಬೇಡವಾದ ತಟ್ಟೆಗಳನ್ನು. ಹೆಸರು ಬಂದ ಮೇಲೆ ಷೆಡ್ಡಿನವರು ಸ್ವಂತ ಖರ್ಚಿನಲ್ಲಿ ನಾಲ್ಕು ತರದ ದೊಡ್ಡ ತಟ್ಟೆ ಮಾಡಿಸಿದ್ದರಂತೆ. ನಡುವೆ ಬಿಳಿ ಕಾಗದ ಅಂಟಿಸಿತ್ತು, ಅದರ ಮೇಲೆ ಒಂದಕ್ಷರವೂ ಇರಲಿಲ್ಲ. ಬೆರಳೆಣಿಕೆಯಷ್ಟು ಬಿಟ್ಟರೆ ಮಾರಾಟವೇ ಆಗಲಿಲ್ಲ, ತಂಡವೂ ಒಡೆಯಿತು. ಅವುಗಳಲ್ಲಿ ಮೂರು ತಟ್ಟೆರಾಯರ ಕಪಾಟಿನಲ್ಲಿದ್ದವು. ಅಲ್ಲಿನ ಹಾಡುಗಳ ರೀತಿಯೇ ಬೇರೆ. ಹಾಡುವವನ ದನಿ ಬಾವಿಯೊಳಗಿಂದ ಬಂದಂತೆ ಆಳ, ಗಿಟಾರು ನರಳಿದಂತೆ, ಡ್ರಮ್ಮಿನ ಒಂದು ಪೆಟ್ಟು ಬಿದ್ದು ಇನ್ನೊಂದು ಬೀಳುವಷ್ಟರಲ್ಲಿ ಉಸಿರು ಹಿಡಿಯಬೇಕು.

"ನಿದ್ದೆಗಣ್ಣಲ್ಲಿ ಹಾಡಿದ ಹಾಗಿದೆ," ಎಂದು ಹೆಂಡತಿ ಮೊದಲ ದಿನವೇ ಹೇಳಿದ್ದಳು.

"ನಿನಗೆ ದುಃಖ ಅಂದ್ರೆ ಏನು ಗೊತ್ತು?" ಎಂದಿದ್ದರು ರಾಯರು.

"ನಿಮ್ಮನ್ನ ಕಟ್ಕೊಂಡ ಮೇಲೂ ಗೊತ್ತಾಗದೆ ಇರುತ್ತಾ?" ಎಂದು ಅವಳು ಅಡುಗೆಮನೆಗೆ ಹೋಗಿದ್ದಳು.

ತಟ್ಟೆ ಸಂಗ್ರಾಹಕರ ತ್ರೈಮಾಸಿಕ ಪತ್ರಿಕೆಯಲ್ಲಿ ರಾಯರು 'ಷೆಡ್ಡಿನವರ ಶೋಕಪರ್ವ' ಎಂದು ಎಂಟು ಪುಟದ ಲೇಖನ ಬರೆದಿದ್ದರು. ಪತ್ರಿಕೆಗೆ ಇದ್ದ ಓದುಗರೇ ಅರವತ್ತು ಜನ. ಅವರಲ್ಲಿ ಮೂವತ್ತು ಜನ ಕಾಗದ ಬರೆದು, 'ಸಾರ್, ಆ ತಂಡದ ಮನಸ್ಸು ಅರ್ಥವಾದದ್ದು ನಿಮಗೊಬ್ಬರಿಗೇ' ಎಂದಿದ್ದರು. ಕಚೇರಿಯಲ್ಲಿ, ಮನೆಯಲ್ಲಿ, ಬಿಲ್ಡಿಂಗಿನಲ್ಲಿ ಎಲ್ಲೂ ಸಿಗದ ಆ ಒಂದು ಮಾತಿನ ಮೇಲೆ ಅವರು ಬದುಕಿದ್ದರು. ಆ ಕಾಗದಗಳನ್ನು ತಟ್ಟೆಗಳ ಪಕ್ಕದಲ್ಲೇ ಜೋಪಾನವಾಗಿ ಇಟ್ಟಿದ್ದರು.

ಈಗ ನಾಲ್ಕನೆಯ ತಟ್ಟೆ ಸಿಕ್ಕಿತ್ತು. ಹಳೇ ರೆಕಾರ್ಡ್ ಅಂಗಡಿಯವನು ಬೆಳಿಗ್ಗೆ ಫೋನ್ ಮಾಡಿದ್ದ. "ಮೂರು ಗಂಟೆಗೆ ಅಂಗಡಿ ತೆಗೀತೀನಿ. ಮೊದಲು ಬಂದವರ ಕೈಗೆ. ಹಲ್ಲಿನ ಡಾಕ್ಟರಿಗೂ ಹೇಳಿದೀನಿ, ಆಮೇಲೆ ನನ್ನ ಬೈಬೇಡಿ."

ಹಲ್ಲಿನ ಡಾಕ್ಟರು ರಾಯರ ಹಳೆಯ ಎದುರಾಳಿ. ಅವರ ಹತ್ತಿರ ಕಾರಿತ್ತು. ಅವರ ಗೇಟಿಗೆ ಲಾರಿಯೂ ಅಡ್ಡ ಬಂದಿರಲಿಲ್ಲ.

ಲಾರಿ ಬಂದದ್ದು ಮೇಲಿನ ಮನೆಯ ಕೋಲಜ್ಜನ ಸಾಮಾನು ಒಯ್ಯಲು. ಕೋಲಜ್ಜನಿಗೆ ನಡೆಯಲು ಕೋಲು ಬೇಕಿರಲಿಲ್ಲ, ನೆಟ್ಟಗೆ ಸರಳಿನಂತೆ ನಡೆಯುತ್ತಿದ್ದರು. ಕೋಲಿದ್ದದ್ದು ನೆಲ ಕುಟ್ಟಲು. ರಾಯರು ಕೆಳಗೆ ತಟ್ಟೆ ಹಾಕಿದರೆ ಸಾಕು, ತಲೆಯ ಮೇಲೆ ಟಕ್ ಟಕ್, ಟಕಟಕ ಟಕ್ ಎಂದು ಶುರು. ಹನ್ನೊಂದು ವರ್ಷ ಒಂದು ದಿನವೂ ತಪ್ಪಿಸಿರಲಿಲ್ಲ. ಕುಟ್ಟುವುದು ಶುರುವಾಗುವ ಮೊದಲು, ಅಜ್ಜ ಬಂದ ಹೊಸತರಲ್ಲಿ, ಒಮ್ಮೆ ಕೆಳಗಿಳಿದು ಬಂದು, "ಏನಪ್ಪಾ, ಆ ಹಾಡು..." ಎಂದು ಬಾಯಿ ತೆರೆದಿದ್ದರು. ರಾಯರಿಗೆ ಅಷ್ಟೇ ಸಾಕಾಗಿತ್ತು. ಬಾಗಿಲಲ್ಲೇ ನಿಲ್ಲಿಸಿಕೊಂಡು ಅರ್ಧ ಗಂಟೆ ಷೆಡ್ಡಿನವರ ಶೋಕವನ್ನು ವಿವರಿಸಿದ್ದರು. ಅದರಲ್ಲೂ ಡ್ರಮ್ಮಿನವನ ಎದೆಯೇ ಒಡೆದಿತ್ತು, ಕೈ ಎತ್ತಲೂ ಅವನಿಗೆ ಆಗುತ್ತಿರಲಿಲ್ಲ, ಕಿವಿಯಿದ್ದವರಿಗೆ ಅದು ಕೇಳಿಸುತ್ತದೆ ಎಂದಿದ್ದರು. ಅಜ್ಜ ಎಲ್ಲ ಕೇಳಿಸಿಕೊಂಡು, "ಹೌದಾ?" ಎಂದಷ್ಟೇ ಹೇಳಿ ಮೇಲೆ ಹೋಗಿದ್ದರು. ಕುಟ್ಟುವುದು ಅವತ್ತಿನಿಂದ.

ಕಡೆಗೆ ರಾಯರೇ ಮನೆ ಮಾಲೀಕರಿಗೆ ಅರ್ಜಿ ಬರೆದರು. 'ತಾಳವಿಲ್ಲದ, ಲಯವಿಲ್ಲದ ಈ ಕುಟ್ಟಾಟದಿಂದ ನಿವಾಸಿಗಳ ನೆಮ್ಮದಿ ಹಾಳಾಗಿದ್ದು' ಎಂದು ಅದರ ಒಕ್ಕಣೆ. ಮೊದಲ ಸಹಿ ತಾವೇ ಹಾಕಿ, ಉಳಿದ ಮನೆಗಳಿಂದಲೂ ಹಾಕಿಸಿದ್ದರು. ಅರ್ಜಿ ಫಲಿಸಿತು. ಆದರೆ ಫಲ ಕೈಗೆ ಬಂದದ್ದು ಇದೇ ಭಾನುವಾರ, ಇದೇ ಒಂದೂವರೆ ಗಂಟೆಗೆ.

"ಲಾರಿ ಸ್ವಲ್ಪ ಹಿಂದಕ್ಕೆ ತೆಗಿಯಪ್ಪ, ಸ್ಕೂಟರ್ ತಗೊಂಡು ಹೋಗ್ಬಿಡ್ತೀನಿ," ಎಂದರು ರಾಯರು.

"ತೆಗೆದರೆ ಮತ್ತೆ ನಿಲ್ಲಿಸೋಕೆ ಜಾಗ ಇಲ್ಲ ಸಾರ್. ಲೋಡ್ ಆಗ್ಲಿ," ಎಂದ ಡ್ರೈವರ್. ಲೋಡು ಮಾಡಬೇಕಾದ ಇಬ್ಬರಲ್ಲಿ ಒಬ್ಬ ಬಂದಿರಲಿಲ್ಲ. ಲಿಫ್ಟು ಕೆಟ್ಟಿತ್ತು.

ರಾಯರ ಕೆಳಮನೆಯ ಕಾರ್ಯದರ್ಶಿಗಳು ಬನಿಯನ್ನಿನಲ್ಲೇ ಹೊರಬಂದರು. ಬಿಲ್ಡಿಂಗಿನ ಸಂಘಕ್ಕೆ ಅವರೇ ಕಾರ್ಯದರ್ಶಿ, ಬಹುಮಟ್ಟಿಗೆ ಅವರೇ ಸಂಘ. "ನೀವೇ ಒಂದು ಕೈ ಹಾಕಿ ಸಾರ್. ಅರ್ಜಿ ಬರೆದವರು ನೀವು, ಕಳಿಸೋ ಪುಣ್ಯಾನೂ ನಿಮಗೇ ಬರ್ಲಿ."

ಮೆಟ್ಟಿಲ ಮೇಲೆ ನಿಂತಿದ್ದವರೆಲ್ಲ ನಕ್ಕರು. ಯಾರೂ ಕೆಳಗಿಳಿಯಲಿಲ್ಲ.

ರಾಯರು ಪ್ಯಾಂಟು ಮಡಚಿಕೊಂಡು ಮೂರನೆಯ ಮಹಡಿಗೆ ಹತ್ತಿದರು. ಮಂಚ, ಮೇಜು, ಟ್ರಂಕು ಇಳಿದವು. ಆಮೇಲೆ ಹಳೆಯ ಹೊದಿಕೆಗಳಲ್ಲಿ ಸುತ್ತಿ ಹಗ್ಗ ಬಿಗಿದ ಒಂಬತ್ತು ಗಂಟುಗಳು ಬಾಗಿಲ ಬಳಿ ಕಂಡವು. ಒಂದನ್ನು ಎತ್ತಿದರು. ಸೊಂಟ ಕಿರುಗುಟ್ಟಿತು.

"ಇಪ್ಪತ್ತೆರಡು ಕೆಜಿ," ಎಂದು ಅಭ್ಯಾಸಬಲದಿಂದ ಬಾಯಿಗೆ ಬಂತು. ತೂಕ ಸರಿಯಾಗಿಯೇ ಹೇಳಿದರು. ಒಳಗೆ ಏನಿದೆ ಎಂದು ಮಾತ್ರ ಕೇಳಲಿಲ್ಲ.

"ಅವು ಲಾರಿಗಲ್ಲ," ಎಂದರು ಕೋಲಜ್ಜ. "ತಂಗಿ ಮನೇಲಿ ನನಗೆ ಒಂದು ಕೋಣೆ ಕೊಟ್ಟಿದಾಳೆ, ಅಷ್ಟರಲ್ಲಿ ಇವು ಹಿಡಿಸಲ್ಲ. ಗುಜರಿಗೆ ಹಾಕೋದು. ನಿಮಗೇನಾದ್ರೂ ಬೇಕಾಗುತ್ತಾ? ಒಂದು ಗಂಟು ಬಿಚ್ಚಿ ನೋಡಿ."

"ನಿಮ್ಮ ಮನೆಯ ಒಂದು ಹುಲ್ಲುಕಡ್ಡೀನೂ ನನ್ನ ಮನೆಗೆ ಬೇಡ ಯಜಮಾನ್ರೇ. ಗೇಟು ಬಿಟ್ಟುಕೊಡಿ, ಅಷ್ಟು ಸಾಕು."

ಅಜ್ಜ ಅವರ ಮುಖವನ್ನೇ ನೋಡಿದರು. ಅವರ ಎಡ ಹುಬ್ಬು ನಡುವೆ ಕಡಿದಂತೆ ಎರಡು ತುಂಡಾಗಿತ್ತು. ಅದರಿಂದಾಗಿ ಅವರು ಯಾವಾಗಲೂ ಏನೋ ಕೇಳುತ್ತಿರುವಂತೆ ಕಾಣುತ್ತಿತ್ತು. "ಆಯ್ತಪ್ಪ," ಎಂದರು.

ಗುಜರಿಯವನಿಗೆ ಫೋನು ಮಾಡಿ ಕರೆಸಿದ್ದೂ ರಾಯರೇ. ನಾಲ್ಕನೆಯ ಗಂಟು ಮೆಟ್ಟಿಲ ತಿರುವಿನಲ್ಲಿ ಕೈಜಾರಿ ಉರುಳಿತು. ಒಳಗೆ ಏನೋ ಚಟಚಟ ಮುರಿಯಿತು. ರಾಯರು ಅದನ್ನು ಕಾಲಿನಿಂದಲೇ ತಳ್ಳಿಕೊಂಡು ಇಳಿಸಿದರು. ಒಂಬತ್ತನೆಯದನ್ನು ಗುಜರಿ ಗಾಡಿಗೆ ಎಸೆದಾಗ ಎರಡೂ ಮುಕ್ಕಾಲು. ಲಾರಿ ಹಿಂದೆ ಸರಿಯಿತು, ರಾಯರು ಬೆವರು ಕೂಡ ಒರೆಸದೆ ಸ್ಕೂಟರ್ ಹತ್ತಿದರು.

ಅಂಗಡಿ ಮುಟ್ಟಿದಾಗ ಮೂರೂ ಇಪ್ಪತ್ತು. ಹಲ್ಲಿನ ಡಾಕ್ಟರು ಒಂದು ಸ್ಟೂಲಿನ ಮೇಲೆ ಕಾಲಮೇಲೆ ಕಾಲು ಹಾಕಿ ಕೂತಿದ್ದರು. ತೊಡೆಯ ಮೇಲೆ ತಟ್ಟೆಯ ಕವರು. ಪ್ಲೇಯರಿನ ಮೇಲೆ ತಟ್ಟೆ ತಿರುಗುತ್ತಿತ್ತು.

"ಬನ್ನಿ ಬನ್ನಿ. ಮೂರಕ್ಕೆ ಎರಡು ನಿಮಿಷ ಇರುವಾಗಲೇ ಬಂದೆ. ಬೇಜಾರಿಲ್ಲ ತಾನೆ?" ಎಂದು ತಮ್ಮ ಮೂವತ್ತೆರಡು ಹಲ್ಲನ್ನೂ ತೋರಿಸಿದರು.

ರಾಯರು ಅಂಗಡಿಯವನ ಕಡೆ ತಿರುಗಿದರು. ಅಂಗಡಿಯ ತುಂಬ ಒಂದು ಕುಣಿತದ ಹಾಡು ಚಿಮ್ಮುತ್ತಿತ್ತು. ಹಾಡುವವನದು ಎಳೇ ಹುಡುಗನ ದನಿ, ನಗು ತಡೆದುಕೊಂಡು ಹಾಡುತ್ತಿದ್ದಾನೆ.

"ಇದೇನು ಹಾಕಿದೀಯ? ಷೆಡ್ಡಿನವರದ್ದು ಹಾಕು."

"ಇದು ಷೆಡ್ಡಿನವರದ್ದೇ ಸಾರ್. ನಾಲ್ಕನೇದು."

"ಹಾಗಾದ್ರೆ ಸ್ಪೀಡ್ ತಪ್ಪಿದೆ! ನಲವತ್ತೈದಕ್ಕೆ ಇಟ್ಟಿದೀಯ. ದೊಡ್ಡ ತಟ್ಟೆ ಅಂದ್ರೆ ಮೂವತ್ತಮೂರು ಸುತ್ತು, ಚಿಕ್ಕದಕ್ಕೆ ಮಾತ್ರ ನಲವತ್ತೈದು, ಇಷ್ಟೂ ಗೊತ್ತಿಲ್ವಾ ನಿನಗೆ?"

ಅಂಗಡಿಯವನು ಕವರಿನಿಂದ ಒಂದು ಹಳದಿಗಟ್ಟಿದ ಚೀಟಿ ತೆಗೆದು ಕೊಟ್ಟ. "ಈ ನಾಲ್ಕನೇದರಲ್ಲಿ ಮಾತ್ರ ಇದು ಉಳಿದಿದೆ ಸಾರ್. ಓದಿ."

ಚೀಟಿಯಲ್ಲಿ ಅಚ್ಚಾಗಿತ್ತು: 'ನಮ್ಮ ನಾಲ್ಕೂ ತಟ್ಟೆಗಳನ್ನು ನಿಮಿಷಕ್ಕೆ ನಲವತ್ತೈದು ಸುತ್ತಿನಲ್ಲೇ ಹಾಕಬೇಕು. ದೊಡ್ಡ ತಟ್ಟೆಯಲ್ಲಿ ಜೋರು ತಿರುಗಿಸಿದರೆ ಸದ್ದು ಚೆನ್ನಾಗಿ ಬರುತ್ತದೆಂದು ಹೀಗೆ ಮಾಡಿಸಿದ್ದೇವೆ. ನಿಧಾನ ಹಾಕಿ ನಮ್ಮ ಮರ್ಯಾದೆ ಕಳೆಯಬೇಡಿ.'

ತಟ್ಟೆರಾಯರು ಗೋಡೆ ಹಿಡಿದುಕೊಂಡರು. ಕೂದಲೆಳೆಯ ವ್ಯತ್ಯಾಸ ಹಿಡಿಯುವ ಮನುಷ್ಯ, ಇಷ್ಟು ವರ್ಷ ನಿಮಿಷಕ್ಕೆ ಹನ್ನೆರಡು ಸುತ್ತು ಕಡಿಮೆ ಅಳೆದಿದ್ದರು. ಬಾವಿಯೊಳಗಿನ ದನಿ, ನರಳುವ ಗಿಟಾರು, ಎಂಟು ಪುಟದ ಶೋಕ, ಎಲ್ಲವೂ ಪ್ಲೇಯರಿನ ವೇಗ ಬದಲಿಸುವ ಒಂದು ಸಣ್ಣ ಸನ್ನೆಕಡ್ಡಿಯನ್ನು ಸರಿಸದೆ ಬಿಟ್ಟಿದ್ದರ ಫಲ. ಅಳಬೇಕೆನಿಸಿತು. ಡಾಕ್ಟರು ಎದುರಿಗಿದ್ದರು, ಅಳಲಿಲ್ಲ.

"ನಿಮ್ಮ ಶೋಕಪರ್ವ ನಾನು ಮೂರು ಸಲ ಓದಿದೀನಿ," ಎಂದರು ಡಾಕ್ಟರು, ತೀರಾ ಮೃದುವಾಗಿ. "ಮುಂದಿನ ಸಂಚಿಕೆಗೆ ನಾನೂ ಒಂದು ಚಿಕ್ಕ ಪತ್ರ ಬರೆಯೋಣ ಅಂತಿದೀನಿ."

ಅಷ್ಟರಲ್ಲಿ ಹಾಡಿನ ನಡುವೆ ಡ್ರಮ್ಮು ಒಂದೇ ಮುಂದೆ ಬಂತು. ಟಕ್ ಟಕ್, ಟಕಟಕ ಟಕ್. ರಾಯರು ತಲೆಯೆತ್ತಿ ಅಂಗಡಿಯ ಚಾವಣಿ ನೋಡಿದರು. ಹನ್ನೊಂದು ವರ್ಷ ಹಾಗೆ ನೋಡಿ ರೂಢಿಯಾಗಿತ್ತು. ಆಮೇಲೆ ಕೈಯಲ್ಲಿದ್ದ ಚೀಟಿಯನ್ನು ತಿರುಗಿಸಿದರು. ಹಿಂದೆ ಷೆಡ್ಡಿನ ಮುಂದೆ ನಿಂತ ನಾಲ್ಕು ಹುಡುಗರ ಫೋಟೋ. ಕೊನೆಯವನ ಕೈಯಲ್ಲಿ ಡ್ರಮ್ಮಿನ ಕಡ್ಡಿಗಳು, ಭುಜದವರೆಗೆ ಕೂದಲು, ಎರಡು ತುಂಡಾದ ಎಡ ಹುಬ್ಬು.

"ಮಾರಾಟವಾಗದ ತಟ್ಟೆಗಳನ್ನೆಲ್ಲ ಆ ಡ್ರಮ್ಮಿನವರೇ ಮನೆಗೆ ಹೊತ್ಕೊಂಡು ಹೋದರಂತೆ," ಎಂದ ಅಂಗಡಿಯವನು. "ನಾಲ್ಕೂ ತರದ್ದು, ಗಂಟುಗಟ್ಟಲೆ. ಅವರು ಎಲ್ಲಿದಾರೋ, ಸಿಕ್ಕಿದ್ರೆ..."

ಸ್ಕೂಟರು ಗುಜರಿ ಅಂಗಳ ಸೇರುವಷ್ಟರಲ್ಲಿ ಒಂಬತ್ತೂ ಗಂಟು ಮುಗಿದಿದ್ದವು. ಪುಡಿ ಮಾಡುವ ಯಂತ್ರದ ಬಾಯಲ್ಲಿ ಕಪ್ಪು ಚೂರುಗಳ ರಾಶಿ, ನಡುನಡುವೆ ಬಿಳಿ ಕಾಗದದ ತುಣುಕು. ರಾಯರು ಮಂಡಿಯೂರಿ ಕೈಯಿಂದ ಬಗೆದು ನೋಡಿದರು. ಅಂಗೈಯಗಲಕ್ಕಿಂತ ದೊಡ್ಡದು ಒಂದೂ ಸಿಗಲಿಲ್ಲ.

ಗುಜರಿಯವನು ತನ್ನ ಮೇಲೇ ಅನುಮಾನ ಬಂತೆಂದುಕೊಂಡು ಗಾಬರಿಯಾದ. "ತೂಕದಲ್ಲಿ ಮೋಸ ಇಲ್ಲ ಸಾರ್! ನೀವೇ ಸೀಲ್ ಹಾಕಿದ ಮಷಿನ್ನು!"

ಬಿಲ್ಡಿಂಗಿಗೆ ಬಂದು ಕೇಳಿದರೆ ಅಜ್ಜನ ತಂಗಿಯ ಊರು ಯಾವುದೆಂದು ಯಾರಿಗೂ ಗೊತ್ತಿರಲಿಲ್ಲ. ಯಾರೂ ಕೇಳಿಯೇ ಇರಲಿಲ್ಲ.

ಸಂಜೆ ಐದರ ಬಿಸಿಲು ಸೋಫಾದ ಮೇಲೆ ಬಿದ್ದಿತ್ತು. ಹೆಂಡತಿ ಒಂದು ಕೋಲು ತಂದು ಎದುರಿಗಿಟ್ಟಳು. "ನೀವು ಸ್ಕೂಟರ್ ಹತ್ತಿದ ಮೇಲೆ ಆ ಅಜ್ಜ ಬಂದು ಇದನ್ನ ಕೊಟ್ಟು ಹೋದರು. 'ನಿಮ್ಮೆಜಮಾನ್ರಿಗೆ ಬೇಕಾಗಬಹುದು' ಅಂದ್ರು. ಹುಲ್ಲುಕಡ್ಡೀನೂ ಬೇಡ ಅಂದಿದ್ರಂತೆ ನೀವು? ಇದು ಕೋಲು, ಪರವಾಗಿಲ್ಲ ಅಂದ್ಕೊಂಡು ಇಸ್ಕೊಂಡೆ."

ರಾಯರು ಕಪಾಟು ತೆಗೆದರು. ಮೊದಲ ತಟ್ಟೆಯನ್ನು ಪ್ಲೇಯರಿಗೆ ಹಾಕಿ, ಬೆರಳಿನಿಂದ ಸನ್ನೆಕಡ್ಡಿಯನ್ನು ನಲವತ್ತೈದಕ್ಕೆ ಸರಿಸಿದರು. ಹಾಡು ಎದ್ದು ಕುಣಿಯಿತು.

ಅಡುಗೆಮನೆಯಿಂದ ಹೆಂಡತಿ ಓಡಿಬಂದಳು. "ಅಯ್ಯೋ, ಎಷ್ಟು ಚೆನ್ನಾಗಿದೆಯಲ್ರೀ ಇದು! ಥೇಟ್ ಆ ಟೂತ್‌ಪೇಸ್ಟಿನ ಹಾಡಿನ ಹಾಗೇ ಇದೆ!"

ನಿಜ, ಹಾಗೇ ಇತ್ತು. ಅವಸರದಿಂದ ಮೂವತ್ತಮೂರಕ್ಕೆ ಇಳಿಸಿದರು. ದುಃಖವೂ ಅಲ್ಲಿರಲಿಲ್ಲ, ಬ್ಯಾಟರಿ ಮುಗಿದ ಆಟಿಕೆ ಎಳೆದಾಡುವ ಸದ್ದು ಅಷ್ಟೇ ಕೇಳಿಸಿತು. ಮತ್ತೆ ನಲವತ್ತೈದಕ್ಕೆ ಏರಿಸಿ, ಅಪರಾಧಿಯಂತೆ ಮೇಲಕ್ಕೆ ನೋಡುತ್ತ ಕಾದರು. ಈಗ ಸರಿಯಾಗಿ ಹಾಕಿದ್ದರು. ಮೇಲೆ ಕೇಳಿಸಿಕೊಳ್ಳುವವರು ಇರಲಿಲ್ಲ.

ಯಾವಾಗ ಕೋಲು ಕೈಗೆ ಬಂತೋ ಅವರಿಗೆ ತಿಳಿಯಲಿಲ್ಲ. ಡ್ರಮ್ಮಿನ ಜಾಗ ಬಂದಾಗ ನೆಲಕ್ಕೆ ಕುಟ್ಟಿದರು. ಟಕ್ ಟಕ್, ಟಕಟಕ ಟಕ್. ಒಂದು ಪೆಟ್ಟೂ ತಪ್ಪಲಿಲ್ಲ. ಹನ್ನೊಂದು ವರ್ಷದ ಪಾಠ ಅದು. ಎರಡನೆಯ ತಟ್ಟೆ ಹಾಕಿದರು, ಕುಟ್ಟಿದರು. ಮೂರನೆಯದಕ್ಕೂ ಕುಟ್ಟಿದರು. ಕಣ್ಣಲ್ಲಿ ನೀರು ಧಾರಾಕಾರ ಇಳಿಯುತ್ತಿತ್ತು.

ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಕೆಳಮನೆಯ ಕಾರ್ಯದರ್ಶಿಗಳು, ಕೈಯಲ್ಲೊಂದು ಕಾಗದ.

"ಬೇಜಾರು ಮಾಡ್ಕೋಬೇಡಿ ಸಾರ್. ಮಾಲೀಕರಿಗೆ ಕಳಿಸೋ ಮೊದಲು ನಿಮಗೊಂದು ಪ್ರತಿ ಕೊಡಬೇಕು, ನಿಯಮ."

ರಾಯರು ಓದಿದರು. 'ತಾಳವಿಲ್ಲದ, ಲಯವಿಲ್ಲದ ಈ ಕುಟ್ಟಾಟದಿಂದ ನಿವಾಸಿಗಳ ನೆಮ್ಮದಿ ಹಾಳಾಗಿದ್ದು...' ಮೂರನೆಯ ಮಹಡಿ ಎಂದಿದ್ದಲ್ಲಿ ಎರಡನೆಯ ಮಹಡಿ ಎಂದಾಗಿತ್ತು. ಅಜ್ಜನ ಹೆಸರಿದ್ದಲ್ಲಿ ರಾಯರ ಹೆಸರು.

"ಒಕ್ಕಣೆ ನಿಮ್ಮದೇ. ಚೆನ್ನಾಗಿತ್ತು, ಕೆಡಿಸೋದು ಯಾಕೆ ಅಂತ ಹಾಗೇ ಇಟ್ಕೊಂಡು ಜೆರಾಕ್ಸ್ ಮಾಡ್ಸಿದೆ," ಎಂದರು ಕಾರ್ಯದರ್ಶಿಗಳು. "ಸಹಿಗಳೂ ಅವೇ ಇವೆ."

ಸಹಿಗಳ ಸಾಲಿನಲ್ಲಿ ಮೊದಲನೆಯದು ತಟ್ಟೆರಾಯರದ್ದು. ಅದರ ಕೆಳಗೆ ಹೆಂಡತಿಯದ್ದು. ರಾಯರು ಕಚೇರಿಯ ಕಾಗದ ನೋಡುವಂತೆ ಎರಡು ಸಲ, ಅಕ್ಷರ ಅಕ್ಷರವಾಗಿ ನೋಡಿದರು.

"ಒಂದು ತಪ್ಪಿದೆ," ಎಂದರು. "ಲಯವಿಲ್ಲದ ಅಂತ ಬರೆದಿದೆ. ಅದು ಸುಳ್ಳು. ಅದನ್ನ ಹೊಡೆದುಹಾಕಿ."

ಕಾರ್ಯದರ್ಶಿಗಳು ಕಾಗದ ಇಸಿದುಕೊಂಡು ನೋಡಿದರು, ತಲೆಯಾಡಿಸಿದರು.

"ಅದನ್ನ ಹೊಡೆದ್ರೆ ಮತ್ತೆ ಎಲ್ಲರ ಮನೆಗೂ ಹೋಗಿ ಸಹಿ ಹಾಕಿಸ್ಬೇಕಾಗುತ್ತೆ ಸಾರ್. ಇರ್ಲಿ ಬಿಡಿ."