ನನ್ನ ಮಗನ ಕೆಮ್ಮನ್ನು ಕತ್ತರಿಸಿದ ನಿರ್ದೇಶಕರಿಗೆ

ಅಮೆರಿಕದ ಸಮಸ್ತ ರೋಗಿಗಳ ಪರವಾಗಿ ಕ್ಯಾಮೆರಾ ಹೊತ್ತವರೂ, ಆ ದುಃಖದಲ್ಲೇ ಗಡ್ಡ ಬಿಟ್ಟವರೂ ಆದ ಸಾಕ್ಷ್ಯಚಿತ್ರ ನಿರ್ದೇಶಕ ಶ್ರೀ ಲೆನರ್ಡ್ ಪ್ರೂಟ್ ಅವರಿಗೆ, ಓಹಾಯೋದ ಟೊಲೀಡೊ ಊರಿನ ಒಂದು ಅಡುಗೆಮನೆಯಿಂದ ಅನಂತ ನಮಸ್ಕಾರಗಳು.

ಮಾನ್ಯರೇ,

ಈಗ ರಾತ್ರಿ ಎರಡೂವರೆ. ಸಿಳ್ಳೆ ಕೇಳಿ ಎಚ್ಚರವಾಯಿತು. ಕೆಟಲ್ ಇಟ್ಟು ಮರೆತೆನೇನೋ ಎಂದು ಒಲೆಯ ಬಳಿ ಓಡಿದೆ. ಒಲೆ ತಣ್ಣಗಿತ್ತು, ಸಿಳ್ಳೆ ಹಾಕುತ್ತಿದ್ದದ್ದು ತೊಟ್ಟಿಲಲ್ಲಿದ್ದ ನನ್ನ ಮಗ ಕ್ಯಾಸ್ಪರನ ಎದೆ. ಅವನನ್ನು ಹೆಗಲಿಗೆ ಹಾಕಿಕೊಂಡು, ಲೋಕಕ್ಕೆಲ್ಲ ಕಾಣುವಂತೆ ತಮ್ಮ ಚಿತ್ರದ ಅಂತರ್ಜಾಲ ಪುಟದಲ್ಲೇ ಇದನ್ನು ಬರೆಯುತ್ತಿದ್ದೇನೆ. ತಪ್ಪುಗಳಿದ್ದರೆ ಮನ್ನಿಸಬೇಕು; ಎಡಗೈ ಮಾತ್ರ ಬಿಡುವಾಗಿದೆ.

ನಮ್ಮ ಆರೋಗ್ಯ ವ್ಯವಸ್ಥೆಯ ಮಾನ ಕಳೆಯಲು ಕಳೆದ ಚಳಿಗಾಲ ತಾವು ಹೊರಟಾಗ, ಇಷ್ಟು ದೊಡ್ಡ ದೇಶದಲ್ಲಿ ನಮ್ಮ ಅಡುಗೆಮನೆಯನ್ನೇ ಆರಿಸಿಕೊಂಡದ್ದು ನಮ್ಮ ಪುಣ್ಯ. ಮಗುವಿಗೆ ಔಷಧದ ಹಬೆ ಕೊಡುವ ಪುಟ್ಟ ಯಂತ್ರವನ್ನು ಡಾಕ್ಟರು ಬರೆದುಕೊಟ್ಟಿದ್ದರು. ಅದಕ್ಕೆ ವಿಮೆ ಕಂಪನಿ ಒಪ್ಪಬೇಕಿತ್ತು. ಒಪ್ಪಿಸಲು ನಾನು ಫೋನು ಹಿಡಿದು ಕಾಯಬೇಕಿತ್ತು. ಕಾಯುವವರಿಗಾಗಿ ಕಂಪನಿ ಹಾಕುತ್ತಿದ್ದ ಆ ಪಿಯಾನೊ ರಾಗವನ್ನು ಹುಟ್ಟಿದಾಗಿನಿಂದ ಕೇಳಿದ ಕ್ಯಾಸ್ಪರನಿಗೆ ಅದೇ ಜೋಗುಳವಾಗಿತ್ತು; ಅದನ್ನು ಕೇಳುತ್ತ ಕೊನೆಗೆ ನಿದ್ದೆಹೋದ. "ಅಳ್ಬೇಡಿ ಟೆಸ್, ಸುಮ್ನೆ ಕಾಯ್ತಾ ಇರಿ, ತುಂಬ ಚೆನ್ನಾಗಿ ಬರ್ತಿದೆ!" ಎಂದು ತಾವು ನಮ್ಮ ಫ್ರಿಜ್ಜಿನ ಪಕ್ಕದಿಂದ ಪಿಸುಗುಟ್ಟಿದಿರಿ.

ಚೆನ್ನಾಗಿಯೇ ಬಂತು. ಚರ್ಚಿನ ನೆಲಮಾಳಿಗೆಯಲ್ಲಿ ಚಿತ್ರ ತೋರಿಸಿದ ದಿನ ನಮ್ಮ ಬೀದಿಯೆಲ್ಲ ಪಿಯೆರೋಗಿ ಕಡುಬಿನ ತಟ್ಟೆ ಹಿಡಿದುಕೊಂಡೇ ಅತ್ತಿತು. ಪಕ್ಕದ ಮನೆಯ ಓಪಲ್ ಅಜ್ಜಿ ಮಾತ್ರ, "ಅಲ್ವೇ ಹುಡುಗಿ, ಸಿನಿಮಾದವ್ರು ಬರ್ತಾರೆ ಅಂತ ಗೊತ್ತಿದ್ದೂ ಆ ಹರಕಲು ಗೌನ್ ಹಾಕ್ಕೊಂಡಿದೀಯಲ್ಲೇ!" ಎಂದರು.

ಕಂಪನಿಗೂ ನಾಚಿಕೆಯಾಯಿತು, ಮಾನ್ಯರೇ. ಇಂಥ ಪವಾಡ ನಮ್ಮ ಪಾದ್ರಿಗಳಿಂದಲೂ ಆಗಿಲ್ಲ. ಇನ್ನು ಯಾರನ್ನೂ ಕಾಯಿಸುವುದಿಲ್ಲವೆಂದು ಅದರ ಅಧ್ಯಕ್ಷರು ಟೀವಿಯಲ್ಲಿ ಎದೆ ಮುಟ್ಟಿಕೊಂಡು ಹೇಳಿದರು, ಹೇಳಿದಂತೆಯೇ ನಡೆದುಕೊಂಡರು. ಮಧ್ಯಾಹ್ನವೆಲ್ಲ ಕಾದು ಪಡೆಯಬೇಕಾಗಿದ್ದ 'ಇಲ್ಲ' ಈಗ ಮೊದಲ ರಿಂಗಿಗೇ ಸಿಗುತ್ತದೆ. ಈ ಚಳಿಗಾಲ ಕೆಮ್ಮು ಮರಳಿ ಬಂದು ನಾನು ಮತ್ತೆ ಯಂತ್ರ ಕೇಳಿದಾಗ ಫೋನೆತ್ತಿದ ಹುಡುಗಿ ಸಕ್ಕರೆಯಂಥವಳು.

"ಅಯ್ಯೋ ಮೇಡಂ, ಅದು ಕೊಡಕ್ಕಾಗಲ್ಲ. ಬೇರೆ ಏನಾದ್ರೂ ಸಹಾಯ ಮಾಡ್ಲಾ?"

"ಒಂಚೂರು ಕಾಯಿಸಮ್ಮಾ, ಆ ಹಾಡಾದ್ರೂ ಹಾಕು, ಮಗು ಮಲಗ್ಲಿ" ಎಂದು ಗೋಗರೆದೆ.

"ಕಾಯಿಸಿದ್ರೆ ನನ್ ಕೆಲ್ಸ ಹೋಗುತ್ತೆ ಮೇಡಂ. ಸಿನಿಮಾ ಬಂದ್ಮೇಲೆ ಹಾಡೇ ತೆಗೆಸ್ಬಿಟ್ರು. ಅಂದ್ಹಾಗೆ, ಅದ್ರಲ್ಲಿ ನಿಮ್ ಪಾಪು ಸೂಪರ್!"

ಯಂತ್ರ ಏಕಿಲ್ಲವೆಂದು ಕೇಳಿದೆ. ಇದನ್ನು ತಾವು ಕುಳಿತುಕೊಂಡು ಓದಬೇಕು. ತಮ್ಮ ಚಿತ್ರವನ್ನು ಕಂಪನಿಯ ವೈದ್ಯರು ಬಹಳ ಮೆಚ್ಚಿ ನೋಡಿದರಂತೆ; ಅಷ್ಟು ಹೊತ್ತು ಒಮ್ಮೆಯೂ ಕೆಮ್ಮದೆ ಗೊಂಬೆಯಂತೆ ಮಲಗಿದ್ದ ಮಗುವಿಗೆ ಉಸಿರಾಟದ ತೊಂದರೆ ಇರಲು ಸಾಧ್ಯವಿಲ್ಲವೆಂದು ಷರಾ ಬರೆದರಂತೆ.

ಅವನು ಕೆಮ್ಮಿದ್ದ, ಮಾನ್ಯರೇ. ಧ್ವನಿ ಮುದ್ರಿಸುತ್ತಿದ್ದ ತಮ್ಮ ಮಹಾಶಯರು ಹೆಡ್‌ಫೋನ್ ಕಿತ್ತು, "ಸಾರ್, ಈ ಕೆಮ್ಮಲ್ಲಿ ಹಾಡೇ ಕೇಳಿಸ್ತಿಲ್ಲ" ಎಂದು ಗೊಣಗುವಷ್ಟು ಕೆಮ್ಮಿದ್ದ. "ಕತ್ತರಿಸಿ ಬಿಸಾಕಿದ್ರಾಯ್ತು ಬಿಡಪ್ಪಾ" ಎಂದವರು ತಾವು.

ಬೆಳಿಗ್ಗೆ ಎಂಟಕ್ಕೆ ಕಂಪನಿಯ ಸಮಿತಿ ಫೋನಿನಲ್ಲಿ ನನ್ನ ಕೊನೆಯ ಮನವಿ ಕೇಳುತ್ತದೆ. ನಾನೇ ಮುದ್ರಿಸಿ ಕಳಿಸಿದ ಕೆಮ್ಮನ್ನು ಅವರು ನಂಬಲಿಲ್ಲ. ನನ್ನ ಗಂಡ ಕೆಮ್ಮಿರಬಹುದಂತೆ. ರಾತ್ರಿಯಿಡೀ ಸಿಳ್ಳೆ ಹಾಕುವ ಈ ಮಹಾರಾಯನೋ, ಎಂಟು ಹೊಡೆಯುತ್ತಲೇ ದೇವದೂತನಂತೆ ಮಲಗುತ್ತಾನೆ. ಆದ್ದರಿಂದ ನನ್ನ ಸಣ್ಣಪುಟ್ಟ ಕೋರಿಕೆಗಳು: ಇವನ ಎದೆ ಹಗುರವಾಗುವವರೆಗೆ ದೇಶವನ್ನು ಇನ್ನಷ್ಟು ಸುಧಾರಿಸಬೇಡಿ, ಕಂಪನಿಯ ಅಧ್ಯಕ್ಷರಿಗೆ ಕೊಟ್ಟ ನಾಚಿಕೆಯನ್ನು ಸಾಧ್ಯವಾದರೆ ವಾಪಸ್ ತೆಗೆದುಕೊಳ್ಳಿ, ತಾವು ಬಿಸಾಕಿದ ಕೆಮ್ಮುಗಳನ್ನು ಒಂದೂ ಬಿಡದೆ ಹೆಕ್ಕಿ, ಎಂಟಕ್ಕೆ ಸಮಿತಿಯ ಕಿವಿಗೆ ಬೀಳುವಂತೆ ಮಾಡಿ. ತಮ್ಮ ಕಚೇರಿಗೆ ಫೋನು ಮಾಡಿದರೆ 'ನಿಮ್ಮ ಕರೆ ನಮಗೆ ಬಹಳ ಮುಖ್ಯ' ಎಂದು ಒಂದು ಯಂತ್ರ ಹೇಳುತ್ತದೆ. ತಮಗಾದರೂ ಯಂತ್ರ ಮಂಜೂರಾಯಿತಲ್ಲ, ಸಂತೋಷ.

ತಮ್ಮ ಚಿತ್ರದಲ್ಲಿ ಬಹಳ ಚೆನ್ನಾಗಿ ಬಂದಿರುವ,
ತಮ್ಮ ವಿಶ್ವಾಸಿ,
ಟೆಸ್ ವಿಸ್ನೆಸ್ಕಿ

ಮರೆತ ಮಾತು: ಚಿತ್ರದ ಹೆಸರು ಅತ್ಯುತ್ತಮ ಧ್ವನಿಯ ಪ್ರಶಸ್ತಿಗೆ ಹೋಗಿದೆಯೆಂದು ಓದಿದೆ, ಅಭಿನಂದನೆಗಳು. ವೇದಿಕೆಯಲ್ಲಿ ಯಾರಿಗೆಲ್ಲ ಧನ್ಯವಾದ ಹೇಳಬೇಕೆಂದು ಆಮೇಲೆ ನಿಧಾನವಾಗಿ ಯೋಚಿಸಬಹುದು. ಸದ್ಯಕ್ಕೆ, ದಮ್ಮಯ್ಯ, ಬೆಳಗಾಗುವುದರೊಳಗೆ ಒಂದು ಫೋನು ಮಾಡಿ.